ಬೆಳ್ಳಗಾದ ತತ್ತಿ, ಸುಳ್ಳು ಹೇಳಿದ ಪೆನ್ನು

ನರಗುಂದದ ಒಂದು ದವಾಖಾನ್ಯಾಗ ನಾ ಒಂದ ಸಂಜಿಗೆ ಇಡೀ ಕುಟುಂಬಾನ ಮುಗಿಸೇನಿ. ಅಪ್ಪ, ಅವ್ವ, ಮಕ್ಕಳು, ಬೀಗರು, ಎಲ್ಲಾರೂ. ಕೇಸ್ ಆಗಲಿಲ್ಲ, ಯಾಕಂದ್ರ ಸತ್ತವು ಗೋಲ್ಡ್ ಫಿಶ್.

ಆದದ್ದು ಇಷ್ಟ. ಪೇಷಂಟರು ಕುಂದ್ರೋ ಹಾಲಿನ್ಯಾಗ ಡಾಕ್ಟರು ಒಂದು ದೊಡ್ಡ ಮೀನಿನ ಟ್ಯಾಂಕ್ ಇಡಿಸಿದ್ರು. ಆಗಾಗ ಹೋಗಿ ಅದನ್ನ ತೊಳದು, ನೀರು ಬದ್ಲಿ ಮಾಡಿ, ನೀರು ಹುಳಿ ಆಗೇತೋ ಇಲ್ಲೋ ಪರೀಕ್ಷೆ ಮಾಡಿ ಬರೂದು ನನ್ನ ಕೆಲಸ. ಆ ದಿನ ನಾ ಮುಟ್ಟೂದ್ರಾಗ ಹೊತ್ತು ಮುಣಗಿತ್ತು. ಕರೆಂಟಿನ ಜೋರು ಕಮ್ಮಿ. ಹಾಲಿನ್ಯಾಗ ಇದ್ದದ್ದು ಒಂದ ಬಲ್ಬು, ಅದೂ ಕಾಮಣಿ ಆದವರಂಗ ಮಾರಿ ಮಾಡ್ಕೊಂಡು ಉರಿಯಾಕತ್ತಿತ್ತು. ಸಣ್ಣ ಗಾಜಿನ ನಳಿಗ್ಯಾಗ ಟ್ಯಾಂಕಿನ ನೀರು ತಗೊಂಡು ಔಷಧದ ಹನಿ ಹಾಕಿದೆ. ನೀರು ನೀಲಿ ಆದ್ರ ಸೋಡಾದ ಕಡೆ, ಹಸರಾದ್ರ ನಡುವ, ಹಳದಿ ಆದ್ರ ಹುಳಿ. ಬಲ್ಬಿನ ಕೆಳಗ ಹಿಡದೆ, ಹಳದಿ ಕಾಣ್ತು. ಆ ಬಲ್ಬಿನ ಕೆಳಗ ನನ್ನ ಬಿಳಿ ಅಂಗೀನೂ ಹಳದಿ ಇತ್ತು, ಕಂಪೌಂಡರನ ಹಲ್ಲೂ ಹಳದಿ ಇದ್ವು. ಅದು ನನ್ನ ತಲಿಗೆ ಹೊಳಿಬೇಕಲ್ಲ. ‘ನೀರು ಭಾಳ ಹುಳಿ ಆಗೇತ್ರಿ’ ಅಂತ ಹೇಳಿ, ಎದುರಿಗಿನ ಕಿರಾಣಿ ಅಂಗಡ್ಯಾಗಿಂದ ತಿನ್ನೋ ಸೋಡಾ ತಂದು ಸುರವಿದೆ. ಮಿರ್ಚಿ ಭಜಿ ಮಾಡೋರು ನಾಚಬೇಕು, ಅಷ್ಟು ಸುರವಿದೆ.

ಟ್ಯಾಂಕು ಮದ್ಲ ಹೊಲಸಾಗಿತ್ತು, ಹೊತ್ತಾತಂತ ಆ ದಿನ ತೊಳದೂ ಇದ್ದಿಲ್ಲ. ಮೀನಿನ ಹೊಲಸಿನ್ಯಾಗ ಅಮೋನಿಯಾ ಹುಟ್ಟತೈತಿ. ನೀರು ಸ್ವಲ್ಪ ಹುಳಿ ಇದ್ರ ಅದು ಸುಮ್ಮಕ ಬಿದ್ದಿರತೈತಿ, ಸೋಡಾ ಏರಿತಂದ್ರ ವಿಷ ಆಗತೈತಿ. ಇದು ನನಗ ಆಮ್ಯಾಲೆ ಗೊತ್ತಾದ ಮಾತು. ಮೀನಿಗೆ ಅದಾ ದಿನ ಗೊತ್ತಾತು.

ಮರುದಿನ ಮುಂಜಾನೆ ಡಾಕ್ಟರ ಫೋನ್ ಬಂತು. ಸಿಟ್ಟಿಲ್ಲ, ಬೈಗುಳಿಲ್ಲ. ‘ಬಸೂ, ಈ ಕಡೆ ಕುರ್ಚಿ ಮ್ಯಾಲೆ ನನ್ನ ಪೇಷಂಟರು ಕುಂತಾರ. ಆ ಕಡೆ ನಿನ್ನ ಪೇಷಂಟರು ಹೊಟ್ಟಿ ಮ್ಯಾಲ ಮಾಡಿ ಮಲಗ್ಯಾರ. ನನ್ನವರು ನಿನ್ನವರನ್ನ ನೋಡಿ ಒಬ್ಬೊಬ್ಬರ ಎದ್ದು ಮನಿಗೆ ಹೊಂಟಾರ. ಲಗೂ ಬಂದು ಹೆಣಾ ಎತ್ತಪಾ.’

ಈಗ ನಾ ಆ ಧಂದೇದಿಂದ ನಿವೃತ್ತ ಆಗೇನಿ. ವಯಸ್ಸು ಮೂವತ್ತೆರಡು. ನಗಬ್ಯಾಡ್ರಿ, ಮೀನು ನನ್ನ ಕಂಡ್ರ ಕಲ್ಲಿನ ಹಿಂದ ಅಡಗೂವಷ್ಟು ಸರ್ವೀಸ್ ಮಾಡೇನಿ. ಲಗ್ನ ಆದ ಮ್ಯಾಲೆ ಮಾವ ತನ್ನ ಗೊಬ್ಬರದ ಅಂಗಡ್ಯಾಗ ಕುಂದ್ರಿಸಿದ. ಗೊಬ್ಬರಕ್ಕ ಒಂದು ಅನುಕೂಲ ಐತಿ, ಅದು ಸಾಯಂಗಿಲ್ಲ. ಆದ್ರ ರೋಣ, ಗಜೇಂದ್ರಗಡದ ಕಡೆ ಈಗ ಹೊಸ ಹುಡುಗ್ರು ಮೀನಿನ ಅಂಗಡಿ ತಗ್ಯಾಕತ್ತಾರ. ಯೂರಿಯಾ ಒಯ್ಯಾಕ ಬಂದವರಂಗ ಬಂದು ಹಗೂರಕ ಕೇಳತಾರ, ‘ಅಣ್ಣಾ, ನೀರಿನ ಪಿಎಚ್ ನೋಡಾಕ ಯಾವುದು ಚಲೋ? ಕಾಗದೋ, ಹನಿಯೋ, ಪೆನ್ನೋ?’ ಎಲ್ಲಾರಿಗೂ ಹೇಳಿ ಹೇಳಿ ಬಾಯಿ ನೋವಾಗೇತಿ. ಅದಕ್ಕ ಬರದ ಬಿಡತೇನಿ. ಪಿಎಚ್ ಅಂದ್ರ ನೀರು ಎಷ್ಟು ಹುಳಿ, ಎಷ್ಟು ಸೋಡಾ ಅಂತ ಹೇಳೋ ಲೆಕ್ಕ. ಏಳು ನಡುವ. ಏಳರ ಕೆಳಗ ಹುಳಿ, ಏಳರ ಮ್ಯಾಲೆ ಸೋಡಾ. ಇದನ್ನ ನಿಮಗ ಸಾಲ್ಯಾಗ ಹೇಳಿರತಾರ. ನನಗೂ ಹೇಳಿದ್ರು, ನಾ ಆ ದಿನ ಕಿಡಕಿ ಹೊರಗ ನೋಡಾಕತ್ತಿದ್ದೆ.

ನಾ ಕೆಲಸಕ್ಕ ಸೇರಿದ್ದು ರೋಣದಾಗ ಗೌಸ್ ಚಾಚಾನ ಅಂಗಡ್ಯಾಗ. ಚಾಚಾ ಮೊದಲ ಗಡಿಯಾರ ರಿಪೇರಿ ಮಾಡತಿದ್ದ. ಎಲ್ಲಾರ ಕೈಯಾಗ ಮೊಬೈಲ್ ಬಂದು ಗಡಿಯಾರ ಕಟ್ಟೋದು ಕಮ್ಮಿ ಆದ ಮ್ಯಾಲೆ ಮೀನಿಗೆ ಬಂದ. ನೀರಿನ ಪರೀಕ್ಷೆ ಮಾಡಾಕ ಚಾಚಾನ ಹತ್ರ ಇದ್ದ ಸಾಮಾನು ಒಂದ, ನಾಲಿಗಿ. ಟ್ಯಾಂಕಿನ್ಯಾಗ ಬೆರಳು ಅದ್ದಿ, ಬಾಯಾಗ ಇಟ್ಟು, ಕಣ್ಣು ಮುಚ್ಚಿ, ‘ಠೀಕ್ ಐತಿ’ ಅಂತಿದ್ದ. ಬಾಯಾಗ ದಿನಾ ಎಲಿ, ಅಡಕಿ, ಸುಣ್ಣ, ತಂಬಾಕು. ಆ ನಾಲಿಗಿಗೆ ಸಮುದ್ರದ ನೀರು ಹಚ್ಚಿದ್ರೂ ಠೀಕ್ ಅನ್ನತಿತ್ತು. ನಾ ಒಂದು ದಿನ ಕೇಳಿದೆ, ‘ಚಾಚಾ, ಠೀಕ್ ಇಲ್ಲ ಅಂತ ಎಂದರ ಅಂದೀರೇನ್ರಿ?’ ಚಾಚಾ ಅಂದ, ‘ಠೀಕ್ ಇಲ್ಲ ಅಂದ್ರ ನೀರು ಬದ್ಲಿ ಮಾಡಬೇಕಾಗತೈತಿ ಬೇಟಾ. ನೀರು ಹೊರಾವ ಯಾರು? ನೀ. ನಿನ್ನ ಮ್ಯಾಲಿನ ಪ್ರೀತಿಗೆ ಠೀಕ್ ಅಂತೇನಿ.’

ನಾಲಿಗಿ ನಂತ್ರ ಲಿಟ್ಮಸ್ ಕಾಗದ ಬಂತು. ಗದಗಿನ್ಯಾಗ ಸಾಲಿಗೆ ಸಾಮಾನು ಮಾರೋ ಅಂಗಡ್ಯಾಗ ತಂದೆ. ಅದು ಕೆಂಪು, ನೀಲಿ ಅಷ್ಟ ಹೇಳತೈತಿ. ಬಸ್ ಬಂತೇನು ಅಂತ ಕೇಳಿದ್ರ ‘ಬಂದೀತು’ ಅಂದಂಗ. ಎಷ್ಟು ಹುಳಿ ಅಂತ ಕೇಳಿದ್ರ ಮಾತ ಇಲ್ಲ. ಮೀನಿಗೆ ಅರ್ಧ ಅಂಕಿ ಹೆಚ್ಚು ಕಮ್ಮಿ ಆದ್ರ ಜೀವದ ಪ್ರಶ್ನೆ, ಇದಕ್ಕ ಅದರ ಗೊಡವಿ ಇಲ್ಲ. ಆಮ್ಯಾಲೆ ಬಣ್ಣದ ಪಟ್ಟಿ ಬಂದ್ವು. ಒಂದೊಂದು ಅಂಕಿಗೆ ಒಂದೊಂದು ಬಣ್ಣ. ಚಲೋ ಇದ್ವು. ನಾ ಅವನ್ನ ಟ್ಯಾಂಕಿನ ಮ್ಯಾಲಿನ ಹಲಗಿ ಮ್ಯಾಲೆ ಇಟ್ಟೆ. ದಿನಾ ನೀರಿನ ಹಸಿ ಗಾಳಿ ಕುಡದು ಪಾಕೀಟಿನ್ಯಾಗ ಕುಂತಲ್ಲೇ ಬಣ್ಣ ಬದ್ಲಿ ಮಾಡಿದ್ವು. ನೀರಿಗೆ ಅದ್ದೂದಕ್ಕಿಂತ ಮೊದಲ ಉತ್ತರ ತಯಾರ.

ಹಿಂಗಾಗಿ ಹನಿ ಬಾಟ್ಲಿಗೆ ಬಂದೆ. ಖರೇ ಹೇಳಬೇಕಂದ್ರ, ಹೊಸಬರಿಗೆ ಇವತ್ತೂ ನಾ ಇದನ್ನ ತಗೋಳ್ರಿ ಅಂತೇನಿ. ಆದ್ರ ಹಗಲು ಬೆಳಕಿನ್ಯಾಗ, ಹಿಂದ ಬಿಳಿ ಕಾಗದ ಹಿಡದು ನೋಡಬೇಕು. ನಳಿಗೀನ ಯಾವ ಟ್ಯಾಂಕ್ ನೋಡ್ತೀರೋ ಅದಾ ನೀರಿನ್ಯಾಗ ತೊಳಿಬೇಕು. ಬಾಟ್ಲಿ ಹಳೇದಾದ್ರ ಒಗೀಬೇಕು. ದವಾಖಾನಿ ಕೊಲಿ ಆದ ಮ್ಯಾಲೆ ಇಷ್ಟು ನಾ ಕಲತೆ. ಆದ್ರ ಇನ್ನೊಂದು ಮಾತು ಇತ್ತು, ಅದನ್ನ ಕಲಿಯಾಕ ನನಗ ಗಜೇಂದ್ರಗಡದ ಅನ್ನಪೂರ್ಣಕ್ಕಾರು ಬೇಕಾದ್ರು.

ಅನ್ನಪೂರ್ಣಕ್ಕಾರದು ಸೀರಿ ನೇಯೋ ಮನಿ. ಪಡಸಾಲ್ಯಾಗ ಎರಡು ಕುಣಿ ಮಗ್ಗ. ನೆಲದಾಗ ಕುಣಿ ತಗದು, ಅದರಾಗ ಕಾಲು ಇಳಿಬಿಟ್ಟು ದಿನಾ ಕುಂತು ನೇಯಬೇಕು. ಹಂಗ ಕುಂತು ಕುಂತು ಅಕ್ಕಾರ ನಡ ಹೋಗಿತ್ತು. ‘ಇನ್ನ ಕುಣ್ಯಾಗ ಇಳದ್ರ ಏಳಾಕ ಆಗಂಗಿಲ್ಲ’ ಅಂತ ದವಾಖಾನ್ಯಾಗ ಹೇಳಿದ್ರು. ಗಂಡ ಒಂದ ಮಗ್ಗ ನಡಸತಿದ್ದ, ಇನ್ನೊಂದು ಖಾಲಿ ಬಿತ್ತು. ನಿಂತು ಮಾಡೋ ಕೆಲಸ, ಮನ್ಯಾಗ ಮಾಡೋ ಕೆಲಸ ಏನರ ಬೇಕಾಗಿತ್ತು ಅವರಿಗೆ. ನಮ್ಮ ಅಂಗಡಿಗೆ ಮಗಳನ್ನ ಕರ್ಕೊಂಡು ಮೀನು ನೋಡಾಕ ಬಂದಾಗ, ಬಾಯಿ ಸುಮ್ಮನಿರಲಾರದ ನಾ ಅಂದೆ, ‘ಅಕ್ಕಾರ, ಏಂಜಲ್ ಮೀನಿನ ಜೋಡಿ ಸಾಕ್ರಿ. ಮರಿ ಮಾಡಿ ಕೊಡ್ರಿ, ಅಷ್ಟೂ ನಾವ ಒಯ್ತೇವಿ. ಹುಬ್ಬಳ್ಳಿಯಿಂದ ತರೂದ್ರಾಗ ಅರ್ಧ ದಾರ್ಯಾಗ ಸಾಯ್ತಾವು.’

ಅಕ್ಕಾರು ಒಪ್ಪಿದ್ರು. ಒಪ್ಪಲಾರದವ್ರು ಅವರ ಅತ್ತಿ ಗಂಗವ್ವ. ಆ ಮನ್ಯಾಗ ತತ್ತಿ ಅನ್ನೋ ಶಬ್ದಾನ ಹೊಸ್ತಲಾ ದಾಟಿ ಒಳಗ ಬಂದಿದ್ದಿಲ್ಲ. ನಾ ಟ್ಯಾಂಕ್ ಹೊತ್ಕೊಂಡು ಹೋದ ದಿನ ಗಂಗವ್ವ ಬಾಗಲದಾಗ ನಿಂತು ಕೇಳಿದ್ರು, ‘ಇವನ್ನ ತಿಂತಾರೇನು?’

‘ಇಲ್ರೀ ಅಮ್ಮಾರ, ಬರೇ ನೋಡತಾರ.’

‘ನೋಡಿ?’

‘ನೋಡಿ ಸುಮ್ಮನ ಇರತಾರ್ರಿ.’

‘ಊರಾಗ ಮಂದಿಗೆ ಕೆಲಸ ಇಲ್ಲ ಹಂಗಾರ’ ಅಂದು ದಾರಿ ಬಿಟ್ರು. ಆದ್ರ ಒಂದು ಕರಾರು. ಮನ್ಯಾಗ ತತ್ತಿ ಅನ್ನಬಾರದು, ‘ಕಾಳು’ ಅನ್ನಬೇಕು. ಅಂದಿನಿಂದ ನಮಗೆಲ್ಲಾ ಅವು ಕಾಳು.

ಖಾಲಿ ಮಗ್ಗದ ಜಾಗಾದಾಗ ಮೂರು ಟ್ಯಾಂಕ್ ಕುಂತ್ವು. ಮಗಳ ಸಾಲಿ ಪಾಟಿ ಒಡದಿತ್ತು, ಅದರ ತುಂಡು ಒಂದರಾಗ ನಿಲ್ಲಿಸಿದ್ವಿ. ಜೋಡಿ ಮೀನು ಆ ಕರೇ ಪಾಟಿನ ಬಾಯಿಲೆ ತಿಕ್ಕಿ ತಿಕ್ಕಿ ಸ್ವಚ್ಛ ಮಾಡಿ, ಸಾಲಾಗಿ ಕಾಳು ಅಂಟಿಸಿದ್ವು. ಮಣಿ ಪೋಣಿಸಿದಂಗ ಕಾಣತಿದ್ವು. ಅಕ್ಕಾರು ಅಂಗಡಿಗೆ ಫೋನ್ ಮಾಡಿ ಹೇಳಿದ್ರು, ದನಿಯಾಗ ನಗು ಇತ್ತು. ಎರಡ ದಿನ ಬಿಟ್ಟು ಮತ್ತ ಫೋನ್. ಕಾಳೆಲ್ಲಾ ಬೆಳ್ಳಗಾಗ್ಯಾವು. ಬೆಳ್ಳಗಾದ್ರ ಸತ್ತಂಗ.

ಏಂಜಲ್ ಮೀನಿನ ಕಾಳು ಒಡದು ಮರಿ ಆಗಬೇಕಂದ್ರ ನೀರು ಮೆತ್ತಗಿರಬೇಕು, ಏಳರ ಸ್ವಲ್ಪ ಕೆಳಗ ಹುಳಿ ಇರಬೇಕು. ನಮ್ಮ ಕಡೆ ಬೋರಿನ ನೀರು ಹ್ಯಾಂಗ ಅಂತ ಗೊತ್ತಲ್ಲ, ಬ್ಯಾಳಿ ಬೇಯಂಗಿಲ್ಲ, ಸಬಕಾರ ನೊರಿ ಬಿಡಂಗಿಲ್ಲ. ಅದಕ್ಕ ಅರ್ಧ ಬೋರು, ಅರ್ಧ ನಳದ ನೀರು ಕೂಡಿಸಿ, ಬಾದಾಮಿ ಗಿಡದ ಒಣಗಿದ ಎಲಿ ಹಾಕಿದ್ವಿ. ಎಲಿ ನೀರನ್ನ ಹುಳಿ ಕಡೆ ತರತೈತಿ. ಎಷ್ಟು ತಂತು ಅಂತ ಸರಿಯಾಗಿ ಅಳೀಬೇಕು. ಇಲ್ಲಿ ನನ್ನ ಶಾಣ್ಯಾತನ ಶುರು ಆತು.

‘ಹನಿ ಬಾಟ್ಲಿ ಸಾಲಂಗಿಲ್ಲ, ಪೆನ್ನು ಬೇಕು’ ಅಂತ ಚಾಚಾನ ಬೆನ್ನು ಹತ್ತಿ ಹುಬ್ಬಳ್ಳಿಯಿಂದ ಪಿಎಚ್ ಪೆನ್ನು ತರಿಸಿದೆ. ನೀರಿಗೆ ಅದ್ದಿದ್ರ ಮ್ಯಾಲಿನ ಕಿಡಕ್ಯಾಗ ಅಂಕಿ ಬರತೈತಿ. ಎಂಥಾ ಅಂಕಿ, ಚುಕ್ಕಿ ಹಾಕಿ ಹತ್ತರ ಪಾಲು ಸಹಿತ. ಚುಕ್ಕಿ ಇದ್ದ ಅಂಕಿ ಸುಳ್ಳು ಹೇಳಂಗಿಲ್ಲ ಅಂತ ನಾ ನಂಬಿದ್ದೆ. ಡಬ್ಬ್ಯಾಗ ಪೆನ್ನಿನ ಸಂಗತಿ ಎರಡು ಸಣ್ಣ ಪುಡಿ ಪಾಕೀಟು ಇದ್ವು. ಹೊಸಾ ಬೂಟಿನ ಡಬ್ಬ್ಯಾಗ ಹಸಿ ಹಿಡಿಬಾರದು ಅಂತ ಹಾಕತಾರಲ್ಲ, ಅಂಥವು ಅಂತ ತಿಳದು ಕಸದ ಬುಟ್ಟಿಗೆ ಒಗದೆ. ಸೂಚನಾ ಹಾಳಿ ಇತ್ತು. ಒಂದು ಕಡೆ ಇಂಗ್ಲೀಷ್, ಇನ್ನೊಂದು ಕಡೆ ಚೀನಾದ ಅಕ್ಷರ. ಎರಡೂ ನನಗ ಒಂದ ತರ ಕಂಡ್ವು. ಅದರ ಮ್ಯಾಲೆ ಮಿರ್ಚಿ ಇಟ್ಕೊಂಡು ತಿಂದೆ.

ಪೆನ್ನಿನ ಬೆನ್ನಿಗೆ ಒಂದು ಪುಟ್ಟ ಸ್ಕ್ರೂ ಇತ್ತು. ಅಂಕಿ ಹೆಚ್ಚು ಕಮ್ಮಿ ಆದ್ರ ಅದನ್ನ ತಿರುವಿ ಸರಿ ಮಾಡಬೇಕು ಅಂತ ಅಷ್ಟು ತಿಳದಿತ್ತು. ಯಾವುದಕ್ಕ ಸರಿ ಮಾಡೂದು? ನನ್ನ ಹತ್ರ ನಂಬಿಗಸ್ತ ಹನಿ ಬಾಟ್ಲಿ ಇತ್ತಲ್ಲ. ಡ್ರಮ್ಮಿನ್ಯಾಗ ನಿಂತ ಬೋರಿನ ನೀರಿಗೆ ಹನಿ ಹಾಕಿದೆ, ಗಾಢ ನೀಲಿ, ಅಂದ್ರ ಏಳು ಚುಕ್ಕಿ ಆರು. ಪೆನ್ನು ಅದಾ ನೀರಿನ್ಯಾಗ ಎಂಟು ಚುಕ್ಕಿ ಮೂರು ತೋರಿಸ್ತು. ‘ಹೊಸಾದು, ಇನ್ನೂ ಬುದ್ಧಿ ಬಂದಿಲ್ಲ’ ಅಂತ ಸ್ಕ್ರೂ ತಿರುವಿ ತಿರುವಿ ಏಳು ಚುಕ್ಕಿ ಆರಕ್ಕ ಎಳದು ತಂದೆ. ಚಾಚಾ ನೋಡಿ, ‘ಗಡಿಯಾರ ಸರಿ ಇದ್ದಾಗ ನೀ ಮುಳ್ಳು ತಿರುವಿದಂಗ ಕಾಣತೈತಿ’ ಅಂದ. ನಾ ಅಂದೆ, ‘ನೀವು ನಾಲಿಗಿ ಹಚ್ಚೋರು, ಸುಮ್ಮನಿರ್ರಿ ಚಾಚಾ.’

ಆಮ್ಯಾಲೆ ಪೆನ್ನು ನನ್ನ ಅಂಗಿ ಕಿಸೇದಾಗ ಏರಿತು. ಬಸ್ಸಿನ್ಯಾಗ ಹೋಗುವಾಗ ಮಂದಿಗೆ ಕಾಣೋ ಹಂಗ ಇಟ್ಕೊಳ್ತಿದ್ದೆ. ಗಜೇಂದ್ರಗಡಕ್ಕ ಹೋಗಿ ಅಕ್ಕಾರ ಟ್ಯಾಂಕಿನ್ಯಾಗ ಅದ್ದಿ, ‘ಆರು ಚುಕ್ಕಿ ಒಂಬತ್ತು. ಅಕ್ಕಾರ, ನೀರು ಬಂಗಾರದಂಗ ಐತ್ರಿ’ ಅಂದೆ. ಅಕ್ಕಾರು ಪೆನ್ನಿನ ಕಡೆ ನೋಡಿ ಕೈಮುಗಿಯೋದೊಂದ ಬಾಕಿ.

ಕಾಳು ಮತ್ತ ಬೆಳ್ಳಗಾದ್ವು. ಅದರ ಮುಂದಿನ ಸರ್ತೀನೂ ಬೆಳ್ಳಗಾದ್ವು.

ಪ್ರತಿ ಸರ್ತಿ ನಾ ಹೋಗಿ ಪೆನ್ನು ಅದ್ದಿ, ‘ನೀರು ಸರಿ ಐತ್ರಿ’ ಅನ್ನೂದು. ನೀರು ಸರಿ ಇದ್ರ ತಪ್ಪು ಯಾರದು? ಅಕ್ಕಾರು ತಾವ ಹುಡುಕಾಕ ಹತ್ತಿದ್ರು. ‘ನಾ ಅಡಗಿ ಮನಿಯಿಂದ ಒಗ್ಗರಣಿ ಕೈಲೆ ಮುಟ್ಟಿದ್ನೇನ ತಮ್ಮಾ?’ ‘ಹೆಚ್ಚಿಗಿ ಹಣಿಕಿ ಹಾಕಿ ನೋಡಿದ್ನೇನ?’ ಟ್ಯಾಂಕಿನ ಹತ್ರ ಹೋಗೂದ ಕಮ್ಮಿ ಮಾಡಿದ್ರು. ಮೀನಿಗೆ ಊಟ ಹಾಕೂದಕ್ಕ ಮಗಳನ್ನ ಕಳಸತಿದ್ರು. ನನಗ ಏನೂ ತಿಳೀಲಿಲ್ಲ. ‘ಜೋಡಿ ಇನ್ನೂ ಸಣ್ಣದೈತ್ರಿ, ಕಲಿತಾವು’ ಅಂತ ಮೀನಿನ ಮ್ಯಾಲೆ ಹಾಕಿದೆ.

ಗಂಗವ್ವ ಮಾತ್ರ ತಿಳಿಯೋ ಹಂಗ ಹೇಳಿದ್ರು. ‘ಮಗ್ಗ ಬಾಡಿಗಿಗೆ ಕೇಳಾಕ ಓಣ್ಯಾಗಿನವರು ಬಂದಾರ. ಈ ಸರ್ತಿ ಕಾಳು ಒಡೀಲಿಲ್ಲಂದ್ರ ಗಾಜು ಹೊರಗ ಹೋಗಲಿ. ಸೊಸಿ ಮ್ಯಾಲೆ ನನಗೂ ಕರುಣಾ ಐತಿ. ಆದ್ರ ಬೆಳ್ಳಗಾದದ್ದನ್ನ ನೋಡಿಕೋತ ಕುಂದ್ರೂದೂ ಒಂದು ರೋಗಾನ.’ ಗಾಜು ಹೊರಗ ಹೋದ್ರ ಅಕ್ಕಾರಿಗೆ ನಿಂತು ಮಾಡೋ ಕೆಲಸಾನ ಉಳೀತಿದ್ದಿಲ್ಲ.

ಅದಾ ವಾರ ನರಗುಂದದ ಡಾಕ್ಟರ ಟ್ಯಾಂಕ್ ತೊಳಿಯಾಕ ಹೋದೆ. ಕೊಲಿ ಆದ ಮ್ಯಾಲೂ ಅವರು ನನ್ನ ಬಿಟ್ಟಿದ್ದಿಲ್ಲ. ‘ಹೊಸಬನ್ನ ಕರದ್ರ ಅವ ಮತ್ತ ಮೊದಲಿಂದ ಕೊಲ್ಲಾಕ ಶುರು ಮಾಡತಾನ, ನಿಂದು ಒಂದು ಸರ್ತಿ ಮುಗದೈತಿ’ ಅಂತಿದ್ರು. ನನ್ನ ಕಿಸೇದಾಗಿನ ಪೆನ್ನು ನೋಡಿ ಕೇಳಿದ್ರು, ‘ಏನದು, ನೀನೂ ಜ್ವರಾ ನೋಡತಿಯೇನು?’

ನಾ ಹೆಮ್ಮಿಲೆ ತೋರಿಸಿದೆ. ಅವರು ಕೈಯಾಗ ತಗೊಂಡು ತಿರುವ್ಯಾಡಿ ಕೇಳಿದ್ರು, ‘ಇದನ್ನ ಯಾವುದರ ಮ್ಯಾಲೆ ಸರಿ ಮಾಡೀದಿ?’

‘ಹನಿ ಬಾಟ್ಲಿ ಮ್ಯಾಲ್ರಿ.’

‘ಬಾಟ್ಲಿ ಸರಿ ಐತಿ ಅಂತ ಯಾವುದರ ಮ್ಯಾಲೆ ನೋಡೀದಿ?’

‘ನನ್ನ ಕಣ್ಣ ಮ್ಯಾಲ್ರಿ.’

‘ನಿನ್ನ ಕಣ್ಣು?’

ಆ ಕಣ್ಣಿನ ಕೆಲಸ ಅವರ ಹಾಲಿನ್ಯಾಗ ತೇಲಿದ್ದು ಅವರಿಗೆ ನೆನಪಿತ್ತು. ಬಾಟ್ಲಿ ತಗಸಿ ಅದರ ಮ್ಯಾಲಿನ ಬಣ್ಣದ ಪಟ್ಟಿ ಓದಿದ್ರು. ‘ಇದು ಆರರಿಂದ ಏಳು ಚುಕ್ಕಿ ಆರರತನಾ ಅಷ್ಟ ನೋಡೋ ಬಾಟ್ಲಿ. ಅದರ ಮ್ಯಾಲೆ ನೀರು ಎಂಟಿದ್ರೂ ಇದಾ ನೀಲಿ, ಒಂಬತ್ತಿದ್ರೂ ಇದಾ ನೀಲಿ. ನನ್ನ ಹತ್ರ ತಕ್ಕಡಿ ಐತಿ, ಐವತ್ತು ಕಿಲೋದತನಾ ಅಷ್ಟ ತೋರಸತೈತಿ ಅಂತ ಇಟ್ಕೋ. ನೀ ಹತ್ತಿದ್ರ ಐವತ್ತು, ನಿಮ್ಮ ಚಾಚಾ ಹತ್ತಿದ್ರೂ ಐವತ್ತು.’

ಚಾಚಾ ಹತ್ತಿದ್ರ ತಕ್ಕಡಿನ ಉಳಿತಿದ್ದಿಲ್ಲ, ಆದ್ರ ಮಾತು ನನ್ನ ಎದ್ಯಾಗ ಬಿತ್ತು. ಸರಿ ಇದ್ದ ಪೆನ್ನನ್ನ ಕುರುಡು ಬಾಟ್ಲಿಗೆ ಕಟ್ಟಿ ನಾನ ಕುರುಡು ಮಾಡಿದ್ದೆ.

‘ಹಂಗಾರ ಪೆನ್ನು ಸರಿ ಐತೋ ಇಲ್ಲೋ ಅಂತ ತಿಳಿಯೂದು ಹ್ಯಾಂಗ್ರಿ?’

‘ಪಿಎಚ್ ಎಷ್ಟು ಅಂತ ಮೊದಲ ಗೊತ್ತಿದ್ದ ನೀರಿಗೆ ಅದ್ದಬೇಕು. ಅದಕ್ಕಂತನ ಪುಡಿ ಬರತೈತಿ. ಶುದ್ಧ ನೀರಿನ್ಯಾಗ ಕರಗಿಸಿದ್ರ ಒಂದು ಪಕ್ಕಾ ಏಳು, ಒಂದು ಪಕ್ಕಾ ನಾಕು. ಪೆನ್ನಿನ ಡಬ್ಬ್ಯಾಗ ಎರಡು ಪಾಕೀಟು ಕೊಟ್ಟಿರಬೇಕಲ್ಲ?’

ನಾ ಟ್ಯಾಂಕಿನ ಕಡೆ ಮಾರಿ ತಿರುವಿದೆ.

ಹುಬ್ಬಳ್ಳಿಗೆ ಹೋಗಿ ಕಾಲೇಜುಗಳಿಗೆ ರಾಸಾಯನಿಕ ಮಾರೋ ಅಂಗಡ್ಯಾಗ ಆ ಪುಡಿ ತಂದೆ. ಶುದ್ಧ ನೀರು ಔಷಧ ಅಂಗಡ್ಯಾಗ ತಂದೆ. ಗ್ಯಾರೇಜಿನ ಬ್ಯಾಟರಿ ನೀರೂ ನಡಿತೈತಿ ಅಂತಾರ, ಆದ್ರ ನಮ್ಮ ಗ್ಯಾರೇಜಿನವ ಅದನ್ನ ಬೋರಿಂಗ ಹೊಡದು ತುಂಬೂದನ್ನ ನಾನ ನೋಡೇನಿ. ಪೆನ್ನಿನ ತುದಿ ಕಿಸೇದಾಗ ಒಣಗಿ ಖಡಕ್ ಆಗಿತ್ತು, ಅದನ್ನ ಒಂದು ಹೊತ್ತು ನೆನಿ ಇಟ್ಟೆ. ಆ ಮ್ಯಾಲೆ ಏಳರ ನೀರಿಗೆ ಅದ್ದಿದೆ. ಪೆನ್ನು ಆರು ಚುಕ್ಕಿ ಮೂರು ಅಂತು. ಅಂದ್ರ ಇಷ್ಟು ದಿನ ಪ್ರತಿ ಟ್ಯಾಂಕಿನ್ಯಾಗ ನಾ ಏಳು ಹತ್ತರ ಪಾಲು ಕಮ್ಮಿ ಹೇಳಿಕೋತ ಬಂದಿದ್ದೆ. ಅಕ್ಕಾರ ಬಂಗಾರದಂಥ ನೀರು ಖರೇಕ ಏಳು ಚುಕ್ಕಿ ಆರು. ಅದರಾಗ ಕಾಳು ಒಡೀತಿದ್ದಿಲ್ಲ. ಅಕ್ಕಾರು ತಮ್ಮ ಕೈ ತೊಳಕೊಂಡು ತೊಳಕೊಂಡು ಸವಸಿದ್ರೂ ಒಡೀತಿದ್ದಿಲ್ಲ.

ಪೆನ್ನು ಸರಿ ಮಾಡಿದ ಖುಷಿಗೆ ಅಂಗಡ್ಯಾಗ ಒಂದು ಜಗಳಾನೂ ಮಾಡಿದೆ. ಬೋರಿನ ನೀರು ಪೈಪಿನ ಬಾಯಾಗಿಂದ ಹಿಡದು ನೋಡಿದ್ರ ಏಳು ಚುಕ್ಕಿ ಎರಡು. ಅದಾ ನೀರು ಡ್ರಮ್ಮಿನ್ಯಾಗ ಗಾಳಿ ಮಿಷನ್ ಹಚ್ಚಿ ಮರುದಿನ ನೋಡಿದ್ರ ಎಂಟು ಚುಕ್ಕಿ ಮೂರು. ‘ಚಾಚಾ, ನಿಮ್ಮ ಎಲಿಯಾಗಿನ ಸುಣ್ಣಾ ಡ್ರಮ್ಮಿನ್ಯಾಗ ಉಗಳೀರಿ’ ಅಂದೆ. ಚಾಚಾ ನನ್ನ ಜೋಡಿ ಮಾತು ಬಿಟ್ಟ. ಆಮ್ಯಾಲೆ ಡಾಕ್ಟರ ಕಡಿಂದ ತಿಳೀತು. ನೆಲದ ಒಳಗಿನ ನೀರಿನ್ಯಾಗ ಗೋಲಿ ಸೋಡಾದಂಗ ಗ್ಯಾಸ್ ಇರತೈತಿ, ಅದು ಇರೂತನಾ ನೀರು ಹುಳಿ ಕಡೆ ಜಗ್ಗಿರತೈತಿ. ಗಾಳಿ ಹತ್ತಿ ಗ್ಯಾಸ್ ಹೋತಂದ್ರ ಏರತೈತಿ. ಅದಕ್ಕ ಬೋರಿನ ನೀರು ಒಂದು ದಿನ ಗಾಳ್ಯಾಗ ಬಿಟ್ಟು ಆಮ್ಯಾಲೆ ಅಳೀರಿ. ಮಾಲಕನ ಮ್ಯಾಲೆ ಸುಣ್ಣದ ಆರೋಪ ಹಾಕೂದಕ್ಕಿಂತ ಮೊದಲ ಅಳೀರಿ.

ಗಜೇಂದ್ರಗಡದ ಬಸ್ ಹತ್ತೂದು ಮಾತ್ರ ನನಗ ಭಾರ ಆತು. ಪೆನ್ನನ್ನ ಸುಮ್ಮನ ಸರಿ ಮಾಡಿ, ‘ಈ ಸರ್ತಿ ನೀರು ಸ್ವಲ್ಪ ಬದ್ಲಿ ಮಾಡೋಣ್ರಿ’ ಅಂತ ಹೇಳಿದ್ರ ಯಾರಿಗೂ ಗೊತ್ತಾಗತಿದ್ದಿಲ್ಲ. ಬಸ್ಸಿನ್ಯಾಗ ಆ ಮಾತನ್ನ ಎರಡ್ಮೂರು ತರ ಹೇಳಿ ಕಲತಿದ್ದೆ. ಅಲ್ಲಿ ಹೋಗೂದ್ರಾಗ ಅಕ್ಕಾರು ಟ್ಯಾಂಕಿನಿಂದ ದೂರ, ಗ್ವಾಡಿಗೆ ಆತು ನಿಂತು, ಮಗಳಿಗೆ ಹೇಳಾಕತ್ತಿದ್ರು, ‘ನೀನ ಹಾಕವಾ ಊಟ, ನಾ ಬರಂಗಿಲ್ಲ ಹತ್ರ.’ ನಾ ಕಲತ ಮಾತು ಅಷ್ಟೂ ಮರತ ಹೋತು.

‘ಅಕ್ಕಾರ, ತಪ್ಪು ನಿಮ್ಮದಲ್ರಿ. ತಪ್ಪು ನಂದು. ಪೆನ್ನಿಗೆ ನಾ ಸುಳ್ಳು ಹೇಳಾಕ ಕಲಿಸಿದ್ದೆ.’

ಎಲ್ಲಾ ಹೇಳಿದೆ. ಪುಡಿ ಒಗದದ್ದು, ಸ್ಕ್ರೂ ತಿರುವಿದ್ದು, ಹಾಳಿ ಮ್ಯಾಲೆ ಮಿರ್ಚಿ ತಿಂದದ್ದು. ಅಕ್ಕಾರು ಕೇಳಿಕೋತ ನಿಂತ್ರು. ಗಂಗವ್ವ ಅಂದ್ರು, ‘ಪ್ರತಿ ಸರ್ತಿ ನೀ ಬಂಗಾರ ಬಂಗಾರ ಅಂತ ನಮ್ಮ ಮನಿಗೆ ಹಿತ್ತಾಳಿ ಮಾರಿ ಹೋದಿ.’

‘ಹೌದ್ರಿ ಅಮ್ಮಾರ.’

‘ಈಗರ ಖರೇ ಅಂಕಿ ಹೇಳಾಕ ಬರತೈತೇನು ಅದಕ್ಕ?’

‘ಬರತೈತ್ರಿ. ನಿಮ್ಮ ಎದುರಿಗೇನ ಪರೀಕ್ಷೆ ಮಾಡತೇನಿ.’

ಏಳರ ನೀರು, ನಾಕರ ನೀರು ಎರಡೂ ಲೋಟದಾಗ ಇಟ್ಟು ಅದ್ದಿ ತೋರಿಸಿದೆ. ಗಂಗವ್ವಗ ಓದಾಕ ಬರತಿದ್ದಿಲ್ಲ, ಮೊಮ್ಮಗಳನ್ನ ಕರದು ಓದಿಸಿದ್ರು. ಹುಡುಗಿ ‘ಏಳು ಐತಿ, ನಾಕು ಐತಿ’ ಅಂದ ಮ್ಯಾಲೆ, ‘ಒಂದ ಸರ್ತಿ ನೋಡ್ರಿ ಹಂಗಾರ. ಮಗ್ಗ ಕೇಳಿದವರಿಗೆ ಹಬ್ಬ ಮುಗದ ಮ್ಯಾಲೆ ಬರ್ರಿ ಅಂತ ಹೇಳತೇನಿ’ ಅಂದ್ರು.

ಬೇಕಾದದ್ದು ಮೆತ್ತನ ನೀರು, ಅದು ಬರೂದು ಆಕಾಶದಿಂದ. ಹಿಂಗಾರಿ ಮಳಿ ಶುರು ಆಗಿತ್ತು. ತಗಡಿನ ಮ್ಯಾಲಿಂದ ಬೀಳೋ ನೀರು, ಮೊದಲಿನ ಧೂಳಿಂದು ಚೆಲ್ಲಿ, ಆಮ್ಯಾಲಿಂದು ಪ್ಲಾಸ್ಟಿಕ್ ಬಕೀಟಿನ್ಯಾಗ ಹಿಡೀರಿ ಅಂತ ಹೇಳಿ ಬಂದೆ. ಮಳಿ ಆತು, ಹಿಡದ್ರು. ಅಕ್ಕಾರ ಫೋನ್ ಬಂತು, ‘ಜೋಡಿ ಪಾಟಿ ತಿಕ್ಕಾಕ ಹತ್ಯಾವು ತಮ್ಮಾ, ಲಗೂ ಬಾ.’ ಪಾಟಿ ತಿಕ್ಕಿದ್ವು ಅಂದ್ರ ಇಂದೋ ನಾಳೆಯೋ ಕಾಳು ಬೀಳತಾವು.

ಹೋದೆ. ಗಂಗವ್ವ ತಾವ ಒಂದು ಬಕೀಟು ಮುಂದ ತಂದಿಟ್ರು. ‘ನೋಡು, ಹೊಳೀತೈತಿ’ ಅಂದ್ರು. ಪೆನ್ನು ಅದ್ದಿದೆ. ನಾಕು ಚುಕ್ಕಿ ಎಂಟು. ಮಳಿ ನೀರು ಸ್ವಲ್ಪ ಹುಳಿ ಇರತೈತಿ, ಆದ್ರ ಇಷ್ಟಲ್ಲ. ನಾ ಮೊದಲಿನ ಬಸು ಆಗಿದ್ರ ಅಲ್ಲೇ ಸ್ಕ್ರೂ ತಿರುವತಿದ್ದೆ. ಕೈ ಅಲ್ಲಿತನಾ ಹೋಗಿತ್ತು. ಆದ್ರ ಕಿಸೇದಾಗ ಪುಡಿ ನೀರಿನ ಎರಡು ಬಾಟ್ಲಿ ಇದ್ವು. ಏಳರಾಗ ಅದ್ದಿದೆ, ಏಳು. ನಾಕರಾಗ ಅದ್ದಿದೆ, ನಾಕು. ಪೆನ್ನಿಂದು ತಪ್ಪಿಲ್ಲ, ನೀರಿಗೇನ ಏನೋ ಆಗೇತಿ.

‘ಅಮ್ಮಾರ, ಈ ನೀರಿಗೆ ಏನರ ಹಾಕೀರೇನ್ರಿ?’

‘ಏನೂ ಹಾಕಿಲ್ಲ. ದೇವರಿಗೆ ಇಟ್ಟಂಗ ಇಟ್ಟೇನಿ.’

‘ಎದರಾಗ ಇಟ್ಟಿದ್ರಿ?’

‘ತಾಮ್ರದ ಹಂಡೇದಾಗ. ಮಳಿ ನೀರನ್ನ ಪ್ಲಾಸ್ಟಿಕ್ಕಿನ್ಯಾಗ ಇಟ್ರ ಏನ ಮರ್ಯಾದಿ? ಹುಣಸಿಹಣ್ಣು ಹಚ್ಚಿ ಮಾರಿ ಕಾಣೋ ಹಂಗ ತಿಕ್ಕೇನಿ, ರಟ್ಟಿ ನೋಯಾಕತ್ಯಾವು ನಂದು.’

ಹುಣಸಿಹಣ್ಣಿನ ಹುಳಿ ತಾಮ್ರದ ಸಂದ್ಯಾಗ ಉಳದಿತ್ತು. ಬೋರಿನ ಗಡಸು ನೀರಾಗಿದ್ರ ಅಷ್ಟು ಹುಳೀನ ನುಂಗಿ ನೀರು ಕುಡೀತಿತ್ತು. ಮಳಿ ನೀರಿಗೆ ಆ ತಾಕತ್ತಿಲ್ಲ, ಚೂರು ಹುಳಿ ಬಿದ್ರೂ ಕೆಳಗ ಇಳೀತೈತಿ. ಅದರ ಮ್ಯಾಲೆ ಹುಳಿ ನೀರು ತಾಮ್ರಾನ ಕರಗಿಸಿಕೊಂಡು ಕುಂತಿರತೈತಿ. ತಾಮ್ರ ಮನಷಾಗ ಚಲೋ, ಮೀನಿಗೆ ವಿಷ. ಆ ಬಕೀಟು ಸುರವಿದ್ರ ಕಾಳಲ್ಲ, ಜೋಡೀನ ಹೋಗತಿತ್ತು. ಹೇಳಿದೆ. ಗಂಗವ್ವ ತಾವ ಬಕೀಟು ಎತ್ತಿ ಅಂಗಳದ ತುಳಸಿಗೆ ಹಾಕಾಕ ಹೋಗಿ, ನಿಂತು ಕೇಳಿದ್ರು, ‘ಇದಕ್ಕೂ ವಿಷಾ ಏನೋ?’

‘ಗಿಡದ್ದು ನನಗ ಗೊತ್ತಿಲ್ರಿ ಅಮ್ಮಾರ. ನಂದು ಮೀನಿನ ಇಲಾಖೆ.’

ಗಟಾರಕ್ಕ ಚೆಲ್ಲಿದ್ರು. ಬ್ಯಾರೆ ಮಳಿ ನೀರಿದ್ದಿಲ್ಲ. ಆ ದಿನ ನಾವು ನಾಲ್ಕೂ ಮಂದಿ ಅಂಗಳದಾಗ ಕುಂತು ಗುಡ್ಡದ ಕಡೆ ಮಳಿ ಮೋಡ ನೋಡಿದಷ್ಟು ನಾ ಜೀವನದಾಗ ಯಾವತ್ತೂ ನೋಡಿಲ್ಲ. ಮರುದಿನ ಮಧ್ಯಾಹ್ನ ಮಳಿ ಬಂತು. ಈ ಸರ್ತಿ ಗಂಗವ್ವ ತಾವ ಪ್ಲಾಸ್ಟಿಕ್ ಬಕೀಟು ಹಿಡಕೊಂಡು ತಗಡಿನ ಕೆಳಗ ನಿಂತಿದ್ರು. ಸ್ವಲ್ಪ ಸ್ವಲ್ಪ ಕೂಡಿಸಿಕೋತ, ಅಳದುಕೋತ, ನೀರು ಆರು ಚುಕ್ಕಿ ಎಂಟಕ್ಕ ತಂದ್ವಿ. ಸಂಜಿಗೆ ಕಾಳು ಬಿದ್ವು.

ಎಲ್ಲಾ ಒಡೀಲಿಲ್ಲ. ಅಂಚಿನವು ಬೆಳ್ಳಗಾದ್ವು. ಆದ್ರ ನಡುವಿನ ಸಾಲಿನ್ಯಾಗ ಬಾಲ ಅಲಗ್ಯಾಡಿದ್ವು. ಒಡದ ಮರ್ಯಾಗ ಎಷ್ಟೋ ಆಮ್ಯಾಲೆ ನಾ ಹೇಳಿದ ಊಟ ಹೆಚ್ಚಾಗಿ ಸತ್ತ್ವು, ಅದು ಬ್ಯಾರೆ ಕಥಿ. ಉಳದವು ಬೆಳದ್ವು. ಹಬ್ಬ ಆದ ಮ್ಯಾಲೆ ಮಗ್ಗ ಕೇಳಾಕ ಓಣಿಯವರು ಬಂದ್ರಂತ. ಗಂಗವ್ವ ಬಾಗಲದಾಗ ನಿಂತು, ‘ಆ ಜಾಗಾ ಖಾಲಿ ಇಲ್ಲಪಾ, ಮಕ್ಕಳು ಮರಿ ಅದಾವು’ ಅಂದು ಕಳಿಸಿದ್ರಂತ.

ಹಿಂಗಾಗಿ ಹುಡುಗ್ರ್ಯಾ, ಕಾಗದೋ ಹನಿಯೋ ಪೆನ್ನೋ ಅಂತ ಕೇಳಬ್ಯಾಡ್ರಿ. ನಿಮ್ಮ ಊರಿನ ನೀರು ಎಷ್ಟರಾಗ ಐತಿ, ಅಲ್ಲಿತನಾ ನೋಡೋ ಹನಿ ತಗೋಳ್ರಿ. ಪೆನ್ನು ತಗೊಂಡ್ರ ಪುಡಿ ಒಗೀಬ್ಯಾಡ್ರಿ, ಗೊತ್ತಿದ್ದ ನೀರಿನ್ಯಾಗ ಅದ್ದಿ ನೋಡೋತನಾ ಅದರ ಮಾತು ನಂಬಬ್ಯಾಡ್ರಿ. ತುದಿ ಒಣಗಿಸಬ್ಯಾಡ್ರಿ. ಕಿಸೇದಾಗ ಇಟ್ಕೊಂಡು ಬಸ್ ಹತ್ತಬ್ಯಾಡ್ರಿ, ಯಾರೂ ನೋಡಂಗಿಲ್ಲ.

ಮೊದಲಿನ ಮರಿ ಒಯ್ಯಾಕ ಹೋದ ದಿನ ಅಕ್ಕಾರು ತಾವ ಟ್ಯಾಂಕಿನ್ಯಾಗ ಕೈ ಹಾಕಿ ಬಲಿಲೆ ಹಿಡದು ಚೀಲಕ್ಕ ಬಿಡಾಕತ್ತಿದ್ರು. ನಾ ಬಾಯಿ ಸುಮ್ಮನಿರಲಾರದ, ‘ನನ್ನ ಮಾಫ್ ಮಾಡಿದ್ರ್ಯಾ ಅಕ್ಕಾರ?’ ಅಂತ ಕೇಳಿದೆ. ಅವರು ಚೀಲದ ಬಾಯಿಗೆ ರಬ್ಬರ್ ಸುತ್ತಿಕೋತ ಅಂದ್ರು:

‘ಇಲ್ಲ. ಆ ಕಾಳು ನಿನ್ನಿಂದ ಸತ್ತ್ವು, ಅದನ್ನ ನಾ ಇಲ್ಲ ಅನ್ನಂಗಿಲ್ಲ. ಆದ್ರ ನೀ ಬಂದು ಹೇಳೂತನಾ, ನನ್ನ ಕೈಗುಣಾನ ಕೆಟ್ಟದ್ದು ಅಂತ ತಿಳಕೊಂಡಿದ್ದೆ ತಮ್ಮಾ. ಓಣ್ಯಾಗ ಯಾರರ ಕೂಸು ಕೊಟ್ರ ಎತ್ತಕೊಳ್ಳಾಕೂ ಹೆದರತಿದ್ದೆ.’